ಸ್ಯಾಸ್ ಮತ್ತು ಜಿ2ಎಸ್: ಒಂದೇ ಫಲಕದ ಮೇಲೆ ಎರಡು ಸಂವಹನ ಮಾನದಂಡಗಳ ಹೋಲಿಕೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಪರೀಕ್ಷಾ ಕೊಠಡಿಯ ಮೇಜಿನ ಮೇಲೆ ಕಳೆದ ಎಂಟು ತಿಂಗಳಿಂದ ಜೂಜಿನ ಸ್ಲಾಟ್ ಯಂತ್ರವೊಂದರ ಮುಖ್ಯ ಫಲಕವಿದೆ. ಅದಕ್ಕೆ ಕವಚವಿಲ್ಲ, ಬಣ್ಣದ ದೀಪಗಳಿಲ್ಲ. ಒಂದು ಪರದೆ, ನೋಟು ಸ್ವೀಕರಿಸುವ ಒಂದು ಘಟಕ, ಬಾಗಿಲಿನ ಬದಲಿಗೆ ತಂತಿಯ ತುದಿಗೆ ಕಟ್ಟಿದ ಒಂದು ಸಣ್ಣ ಸ್ವಿಚ್ಚು, ಇಷ್ಟೇ ಅದರ ಮೈ. ಕರ್ನಾಟಕದಲ್ಲಿ ಕ್ಯಾಸಿನೊಗಳಿಲ್ಲ, ಗೋವಾ ಮತ್ತು ಸಿಕ್ಕಿಂಗಳಲ್ಲಿ ಇವೆ. ನಮ್ಮ ಮೇಜಿನ ಮೇಲೆ ಓಡುವುದು ಪರೀಕ್ಷೆಯ ಕ್ರೆಡಿಟ್ ಮಾತ್ರ. ವಿದೇಶದ ಗ್ರಾಹಕರೊಬ್ಬರ ಲೆಕ್ಕದ ತಂತ್ರಾಂಶಕ್ಕೆ ಯಾವ ಸಂವಹನ ಮಾನದಂಡ ಒಗ್ಗುತ್ತದೆ ಎಂಬುದನ್ನು ತೀರ್ಮಾನಿಸುವ ಕೆಲಸ ನನ್ನ ಪಾಲಿಗೆ ಬಂದದ್ದರಿಂದ, ಸ್ಯಾಸ್, ಜಿ2ಎಸ್ ಎಂಬ ಎರಡು ಮಾನದಂಡಗಳನ್ನೂ ಇದೇ ಫಲಕದ ಮೇಲೆ ಪಕ್ಕಪಕ್ಕದಲ್ಲಿ ಓಡಿಸಿ ನೋಡಿದೆ. ಫಲಕದ ಒಂದು ಬದಿಯ ಸೀರಿಯಲ್ ಪೋರ್ಟ್ ಸ್ಯಾಸ್ ಭಾಷೆಯನ್ನೂ, ಇನ್ನೊಂದು ಬದಿಯ ಈಥರ್ನೆಟ್ ಪೋರ್ಟ್ ಜಿ2ಎಸ್ ಭಾಷೆಯನ್ನೂ ಆಡುತ್ತದೆ.

ಜೂಜು ಸರಿಯೇ ತಪ್ಪೇ ಎಂಬ ಚರ್ಚೆಗೆ ನಾನಿಲ್ಲಿ ಹೋಗುವುದಿಲ್ಲ. ಆದರೆ ಅದಕ್ಕೆ ಅನುಮತಿಯಿರುವ ಕಡೆಗಳಲ್ಲಿ ಯಂತ್ರದೊಳಗೆ ಎಷ್ಟು ಹಣ ಹೋಯಿತು, ಎಷ್ಟು ಹೊರಬಂತು, ಬಾಗಿಲನ್ನು ಯಾರಾದರೂ ತೆರೆದರೇ ಎಂಬ ಲೆಕ್ಕವನ್ನು ಸರ್ಕಾರದ ತೆರಿಗೆಯೂ ಆಟಗಾರನ ನ್ಯಾಯವೂ ನಂಬಿಕೊಂಡಿರುತ್ತವೆ. ಆ ಲೆಕ್ಕ ಯಂತ್ರದಿಂದ ಹೊರಗೆ ಬರುವುದು ಈ ತಂತಿಯ ಮೂಲಕವೇ. ಆದ್ದರಿಂದ ತಂತಿಯ ಮೇಲಿನ ಮಾತು ಎಷ್ಟು ನಂಬಿಕೆಗೆ ಅರ್ಹ ಎಂಬ ಪ್ರಶ್ನೆ ನನಗೆ ಮುಖ್ಯವೆನಿಸಿತು.

ಮೊದಲು ಇವೆರಡರ ಹಿನ್ನೆಲೆ. ಸ್ಯಾಸ್ ಎಂದರೆ ಸ್ಲಾಟ್ ಅಕೌಂಟಿಂಗ್ ಸಿಸ್ಟಂ. ಅದು ಐಜಿಟಿ ಎಂಬ ಅಮೆರಿಕದ ಯಂತ್ರ ತಯಾರಕ ಕಂಪನಿಯ ಸೊತ್ತು. ಬೇರೆ ತಯಾರಕರೂ ಅದನ್ನು ತಮ್ಮ ಯಂತ್ರಗಳಲ್ಲಿ ಅಳವಡಿಸಿಕೊಂಡಿದ್ದರಿಂದ ಬಳಕೆಯ ಬಲದಿಂದಲೇ ಅದು ಮಾನದಂಡದ ಸ್ಥಾನ ಪಡೆಯಿತು. ಜಿ2ಎಸ್, ಅಂದರೆ ಗೇಮ್ ಟು ಸಿಸ್ಟಂ, ಹುಟ್ಟಿನಿಂದಲೇ ಹಂಚಿಕೆಯದು. 1998ರಲ್ಲಿ ಉದ್ಯಮದ ಕಂಪನಿಗಳು ಕೂಡಿ ಕಟ್ಟಿದ ಗೇಮಿಂಗ್ ಸ್ಟ್ಯಾಂಡರ್ಡ್ಸ್ ಅಸೋಸಿಯೇಷನ್ ಅದನ್ನು ರೂಪಿಸಿತು. ಆ ಸಂಘದ ಹೆಸರಿಗೆ ಮುಂದೆ ಇಂಟರ್‌ನ್ಯಾಷನಲ್ ಎಂಬ ಪದವೂ ಸೇರಿತು. ಅದೇ ಸಂಘದ ಎಸ್2ಎಸ್ ಒಂದು ತಂತ್ರಾಂಶ ವ್ಯವಸ್ಥೆಯಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವುದಕ್ಕೆ, ಜಿಡಿಎಸ್ ಯಂತ್ರದೊಳಗಿನ ನೋಟು ಘಟಕ ಮತ್ತು ಪ್ರಿಂಟರ್‌ಗಳನ್ನು ಯುಎಸ್‌ಬಿ ಮೂಲಕ ಜೋಡಿಸುವುದಕ್ಕೆ. ಅವೆರಡೂ ನನ್ನ ಪರೀಕ್ಷೆಯ ವ್ಯಾಪ್ತಿಗೆ ಬರಲಿಲ್ಲ.

ಸ್ಯಾಸ್‌ನೊಂದಿಗೆ ಮೊದಲ ವಾರ ಹೋದದ್ದು ಒಂದೇ ಒಂದು ಬಿಟ್‌ನ ಹಿಂದೆ. ತಂತಿಯ ವೇಗ ಸೆಕೆಂಡಿಗೆ 19,200 ಬಿಟ್. ಪ್ರತಿ ಬೈಟ್‌ಗೆ 11 ಬಿಟ್‌ಗಳು: ಆರಂಭದ್ದೊಂದು, ಮಾಹಿತಿಯವು ಎಂಟು, ಎಚ್ಚರಿಸುವ ಒಂಬತ್ತನೆಯದೊಂದು, ಕೊನೆಯದೊಂದು. ಹೋಸ್ಟ್, ಅಂದರೆ ಯಂತ್ರವನ್ನು ಪ್ರಶ್ನಿಸುವ ಲೆಕ್ಕದ ಕಂಪ್ಯೂಟರ್, ಕಳುಹಿಸುವ ಮೊದಲ ಬೈಟ್‌ನಲ್ಲಿ ಒಂಬತ್ತನೆಯ ಬಿಟ್ 1 ಆಗಿರಬೇಕು, ಉಳಿದ ಬೈಟ್‌ಗಳಲ್ಲಿ 0 ಆಗಿರಬೇಕು. ಆಗ ಮಾತ್ರ ಯಂತ್ರ ತನ್ನನ್ನು ಕರೆದರು ಎಂದು ತಿಳಿಯುತ್ತದೆ. ಸಾಮಾನ್ಯ ಕಂಪ್ಯೂಟರಿನ ಸೀರಿಯಲ್ ಪೋರ್ಟ್‌ಗೆ ಒಂಬತ್ತನೆಯ ಬಿಟ್ ಎಂಬುದೇ ಇಲ್ಲ. ತಪ್ಪು ಹಿಡಿಯಲೆಂದಿರುವ ಪ್ಯಾರಿಟಿ ಬಿಟ್ಟನ್ನೇ ಮೊದಲು ಮಾರ್ಕ್‌ಗೆ (1), ಆಮೇಲೆ ಸ್ಪೇಸ್‌ಗೆ (0) ಬದಲಿಸುತ್ತ ಕೆಲಸ ನಡೆಸಬೇಕು. ಇಷ್ಟಾದರೂ ಉತ್ತರ ಒಮ್ಮೆ ಬರುತ್ತಿತ್ತು, ಹತ್ತು ಸಲ ಬರುತ್ತಿರಲಿಲ್ಲ. ಕಾರಣ ಸಿಕ್ಕದ್ದು ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್‌ನಲ್ಲಿ. ಅದರ ಚಿಪ್ ಬಂದ ಬೈಟ್‌ಗಳನ್ನು 16 ಮಿಲಿಸೆಕೆಂಡಿನವರೆಗೆ ಕೂಡಿಟ್ಟುಕೊಂಡು ಒಟ್ಟಿಗೆ ಒಪ್ಪಿಸುತ್ತಿತ್ತು. ಯಂತ್ರ 20 ಮಿಲಿಸೆಕೆಂಡಿನೊಳಗೆ ಉತ್ತರಿಸಬೇಕೆಂಬ ನಿಯಮವನ್ನು ನನ್ನ ತಂತ್ರಾಂಶ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದುದರಿಂದ, ಸರಿಯಾದ ಉತ್ತರವನ್ನೇ ತಡವಾಯಿತೆಂದು ಎಸೆಯುತ್ತಿತ್ತು. ಆ ಕಾಯುವಿಕೆಯನ್ನು 1 ಮಿಲಿಸೆಕೆಂಡಿಗೆ ಇಳಿಸಿದೊಡನೆ ಸಂಭಾಷಣೆ ನಿರಾತಂಕವಾಗಿ ಸಾಗಿತು.

ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಮಂಡ್ಯ ಕಡೆಯವರು. ಅವರು ಬಹುಕಾಲ ಸಕ್ಕರೆ ಕಾರ್ಖಾನೆಯಲ್ಲಿ ಒತ್ತಡ ಮತ್ತು ಉಷ್ಣತೆಯ ಮಾಪಕಗಳನ್ನು ಮಾಡ್‌ಬಸ್ ಎಂಬ ಕಾರ್ಖಾನೆ ಸಂವಹನ ಮಾನದಂಡದ ತಂತಿಯಲ್ಲಿ ಜೋಡಿಸಿದವರಾದ್ದರಿಂದ, ಸ್ಯಾಸ್‌ನ ಗುಣವನ್ನು ನನಗಿಂತ ಬೇಗ ಹಿಡಿದರು. "ಇದೂ ನಮ್ ಬಾಯ್ಲರ್ ಮೀಟ್ರು ಇದ್ದಂಗೇ ಕಣಪ್ಪ. ಕೇಳಿದ್ರೆ ಹೇಳ್ತದೆ, ಕೇಳ್ದಿದ್ರೆ ಸುಮ್ನೆ ಕೂತಿರ್ತದೆ" ಎಂದರು. ಸ್ಯಾಸ್‌ನ ಇಡೀ ಸ್ವಭಾವ ಆ ಮಾತಿನಲ್ಲಿದೆ. ಹೋಸ್ಟ್ ಪದೇ ಪದೇ ಏನಾದರೂ ಆಯಿತೇ ಎಂದು ಕೇಳುತ್ತದೆ. ಯಂತ್ರ ಒಂದೇ ಒಂದು ಬೈಟ್‌ನಲ್ಲಿ ಉತ್ತರಿಸುತ್ತದೆ. ಏನೂ ಆಗಿಲ್ಲವಾದರೆ 00. ಬಾಗಿಲು ತೆರೆದರೆ ಹೆಕ್ಸ್ (ಹದಿನಾರರ ಆಧಾರದ) ಎಣಿಕೆಯಲ್ಲಿ 11, ಮುಚ್ಚಿದರೆ 12. ಲೆಕ್ಕ ಬೇಕಾದರೆ ಬೇರೆಯೇ ಉದ್ದನೆಯ ಪ್ರಶ್ನೆ ಕಳುಹಿಸಬೇಕು. ಅದರ ಉತ್ತರದ ತುದಿಯಲ್ಲಿ ತಪ್ಪು ಹಿಡಿಯಲು 16 ಬಿಟ್‌ನ ಸಿಆರ್‌ಸಿ ಇರುತ್ತದೆ.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಲೇಬೇಕು, ಏಕೆಂದರೆ ಹೊಸಬರೆಲ್ಲರೂ ಎಡವುವ ಜಾಗವಿದು. ಸ್ವಿಚ್ಚನ್ನು ಒಮ್ಮೆ ಒತ್ತಿದರೆ ಪರದೆಯ ಮೇಲೆ 11, 11, 11 ಎಂದು ಸಾಲುಸಾಲಾಗಿ ಬರುತ್ತಲೇ ಇತ್ತು. ಸ್ವಿಚ್ಚು ಕೆಟ್ಟಿದೆಯೆಂದು ಬದಲಾಯಿಸಿದೆ, ಮತ್ತೆ ಅದೇ ಆಯಿತು. ಸ್ಯಾಸ್‌ನಲ್ಲಿ ಈ ಸಣ್ಣ ಉತ್ತರಗಳಿಗೆ ಹೋಸ್ಟ್ ಪ್ರತ್ಯೇಕವಾಗಿ ಸ್ವೀಕೃತಿ ಕಳುಹಿಸುವುದಿಲ್ಲ. ಒಂದೇ ವಿಳಾಸಕ್ಕೆ ಅದೇ ಪ್ರಶ್ನೆ ಮತ್ತೆ ಬಂದರೆ ತನ್ನ ಉತ್ತರ ತಲುಪಿಲ್ಲವೆಂದು ಯಂತ್ರ ಭಾವಿಸುತ್ತದೆ. ನಡುವೆ ಬೇರೆ ವಿಳಾಸವನ್ನು ಕರೆದರೆ ತಲುಪಿತೆಂದು ತಿಳಿಯುತ್ತದೆ. ನನ್ನ ತಂತಿಯಲ್ಲಿದ್ದುದು ಒಂದೇ ಯಂತ್ರ, ಕರೆಯುತ್ತಿದ್ದುದು ಒಂದೇ ವಿಳಾಸ, 81. ನಡುನಡುವೆ ಯಾರಿಗೂ ಸೇರದ 80ನ್ನು ಕಳುಹಿಸಲು ಆರಂಭಿಸಿದೆ. ಸಾಲು ನಿಂತಿತು. ಬೈಟ್‌ಗಳು ದುಬಾರಿಯಾಗಿದ್ದ ಕಾಲದ ಜಾಣ್ಮೆಯಿದು ಎಂದು ನನಗೆ ಮೆಚ್ಚುಗೆಯಾಯಿತು. ಆದರೆ ಸ್ವೀಕೃತಿಯನ್ನು ಬಾಯಿಬಿಟ್ಟು ಹೇಳದೆ ಊಹೆಗೆ ಬಿಟ್ಟಿದ್ದಾರಲ್ಲ ಎಂಬ ಕಳವಳವೂ ಅಂದೇ ಹುಟ್ಟಿತು.

ಜಿ2ಎಸ್‌ನ ಮೊದಲ ವಾರವೂ ಸುಲಭವಿರಲಿಲ್ಲ, ಆದರೆ ಕಷ್ಟದ ಬಗೆ ಬೇರೆ. ಅಲ್ಲಿ ಎಲ್ಲವೂ ಎಕ್ಸ್‌ಎಂಎಲ್, ಅಂದರೆ ಪ್ರತಿ ಮಾಹಿತಿಗೂ ಹೆಸರಿನ ಚೀಟಿ ಹಚ್ಚಿದ ಪಠ್ಯ. ಸೋಪ್ ಎಂಬ ಸಂದೇಶದ ಲಕೋಟೆಯೊಳಗೆ, ಸಾಮಾನ್ಯ ಟಿಸಿಪಿ ಐಪಿ ಜಾಲದ ಮೇಲೆ, ಟಿಎಲ್‌ಎಸ್ ಗೂಢಲಿಪಿಯ ರಕ್ಷಣೆಯಲ್ಲಿ ಸಾಗುತ್ತದೆ. ಯಂತ್ರವೇ ಹೋಸ್ಟನ್ನು ಹುಡುಕಿಕೊಂಡು ಬಂದು ತಾನು ಎಚ್ಚರವಾಗಿದ್ದೇನೆಂದು ಮೊದಲು ಹೇಳುತ್ತದೆ. ಹೋಸ್ಟ್ ಒಪ್ಪಿದ ಮೇಲೆ ತನ್ನೊಳಗೆ ಏನೇನು ಸಾಧನಗಳಿವೆ, ಯಾವುದಕ್ಕೆ ಯಾರು ಒಡೆಯರು, ಯಾರು ಅತಿಥಿಗಳು ಎಂಬ ಪಟ್ಟಿಯನ್ನು ಒಪ್ಪಿಸುತ್ತದೆ. ಲೆಕ್ಕದ ತಂತ್ರಾಂಶ ಒಂದು ಕಡೆ, ಬಹುಮಾನದ ತಂತ್ರಾಂಶ ಇನ್ನೊಂದು ಕಡೆ ಇದ್ದು ಇಬ್ಬರೂ ಒಂದೇ ಯಂತ್ರದೊಡನೆ ನೇರವಾಗಿ ಮಾತನಾಡಬಹುದಾದದ್ದು ಈ ಒಡೆಯ-ಅತಿಥಿ ಕಟ್ಟಳೆಯಿಂದ. ಇಂತಹ ಏರ್ಪಾಡು ಬೇಕೆಂದು ಗ್ರಾಹಕರು ಕೇಳಿದರೆ ಸ್ಯಾಸ್‌ನಲ್ಲಿ ನಾವು ನಡುವೆ ಇನ್ನೊಂದು ಪದರವನ್ನೇ ಕಟ್ಟಬೇಕಾಗುತ್ತದೆ.

ವೇಗದ ಹೋಲಿಕೆ ಕಾಗದದ ಮೇಲೆಯೇ ಮುಗಿಯುತ್ತದೆ. 19,200ನ್ನು 11ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 1,745 ಬೈಟ್. ಮೂರೂವರೆ ಸಾವಿರ ಅಕ್ಷರಗಳ ಒಂದು ಎಕ್ಸ್‌ಎಂಎಲ್ ಸಂದೇಶ ಆ ತಂತಿಯಲ್ಲಿ ಎರಡು ಸೆಕೆಂಡ್ ಹಿಡಿಯುತ್ತದೆ. ಈಥರ್ನೆಟ್‌ನಲ್ಲಿ ಅದು ಗಮನಕ್ಕೂ ಬಾರದು. ಹಾಗೆಂದು ಸ್ಯಾಸ್ ನಿಧಾನವೆನಿಸುವುದಿಲ್ಲ, ಏಕೆಂದರೆ ಅದು ಹೇಳುವುದೇ ಒಂದು ಬೈಟ್.

ಆದರೆ ಆ ಒಂದು ಬೈಟ್‌ನಲ್ಲಿ ಹೇಳದೆ ಉಳಿಯುವುದೇನು ಎಂಬುದು ಕೇಬಲ್ ಕಿತ್ತ ದಿನ ಸ್ಪಷ್ಟವಾಯಿತು. ಮಧ್ಯಾಹ್ನ 4 ಗಂಟೆಗೆ ಎರಡೂ ಕೇಬಲ್‌ಗಳನ್ನು ಕಿತ್ತಿಟ್ಟು, 4-05ಕ್ಕೆ, 4-11ಕ್ಕೆ ಮತ್ತು 4-16ಕ್ಕೆ ಬಾಗಿಲಿನ ಸ್ವಿಚ್ಚನ್ನು ತೆರೆದು ಮುಚ್ಚಿ, 4-20ಕ್ಕೆ ಕೇಬಲ್‌ಗಳನ್ನು ಮತ್ತೆ ಚುಚ್ಚಿದೆ. ಸ್ಯಾಸ್ ಬದಿಯಲ್ಲಿ ಯಂತ್ರ ತನ್ನ ಸಾಲಿನಲ್ಲಿ ಕೂಡಿಟ್ಟಿದ್ದ 11, 12, 11, 12, 11, 12 ಎಂಬ ಆರು ಬೈಟ್‌ಗಳನ್ನು ಪ್ರಾಮಾಣಿಕವಾಗಿ ಒಪ್ಪಿಸಿತು. ಆದರೆ ಆ ಬೈಟ್‌ಗಳಿಗೆ ಗಂಟೆ ನಿಮಿಷಗಳಿಲ್ಲ. ನಮ್ಮ ಲಾಗ್‌ನಲ್ಲಿ ಆರೂ ಘಟನೆಗಳು 4-20ರಲ್ಲಿ, ಒಂದು ಸೆಕೆಂಡಿನೊಳಗೆ ನಡೆದಂತೆ ದಾಖಲಾದವು. ತನಿಖೆಗೆ ಕುಳಿತವರು ಆ ಪುಟವನ್ನು ನೋಡಿದರೆ ಬಾಗಿಲು ಅದುರಿತು, ಸ್ವಿಚ್ಚು ಸಡಿಲವಿದೆ ಎಂದು ಬರೆದು ಮುಂದೆ ಹೋಗುತ್ತಾರೆ. ಹನ್ನೊಂದು ನಿಮಿಷಗಳ ಅವಧಿಯಲ್ಲಿ ಯಾರೋ ಮೂರು ಬಾರಿ ಬಾಗಿಲು ತೆರೆದರು ಎಂಬ ಸತ್ಯ ಅಲ್ಲಿ ಉಳಿದೇ ಇರಲಿಲ್ಲ. ಘಟನೆಗಳು ಹೆಚ್ಚಾಗಿ ಸಾಲು ತುಂಬಿದರೆ, ತುಂಬಿತೆಂದು ಹೇಳುವ ಸಂಕೇತ ಬರುತ್ತದೆ. ಕಳೆದುಹೋದವು ಯಾವುವು ಎಂಬುದು ಬರುವುದಿಲ್ಲ.

ಜಿ2ಎಸ್ ಬದಿಯಲ್ಲಿ ಅದೇ ಆರು ಘಟನೆಗಳು ತಮ್ಮತಮ್ಮ ಸಮಯ ಮತ್ತು ಕ್ರಮಸಂಖ್ಯೆಯೊಂದಿಗೆ ಬಂದವು ಎಂದು ಹೇಳುವ ಮುನ್ನ, ಮೊದಲ ಪ್ರಯತ್ನದಲ್ಲಿ ಒಂದೂ ಬರಲಿಲ್ಲವೆಂಬುದನ್ನು ಹೇಳಬೇಕು. ಯಾವ ಘಟನೆಗಳನ್ನು ತಿಳಿಸಬೇಕೆಂದು ಹೋಸ್ಟ್ ಮೊದಲೇ ನೋಂದಾಯಿಸಿಕೊಳ್ಳುವಾಗ, ಸ್ವೀಕೃತಿ ಸಿಗುವವರೆಗೆ ಇದನ್ನು ಇಟ್ಟುಕೊಂಡಿರು ಎಂದು ಪ್ರತಿಯೊಂದಕ್ಕೂ ಬೇರೆಯಾಗಿ ಸೂಚಿಸಬೇಕು. ನಾನು ಸೂಚಿಸಿರಲಿಲ್ಲ. ಆದರೂ ಘಟನೆಗಳು ನಾಶವಾಗಿರಲಿಲ್ಲ. ಯಂತ್ರದೊಳಗಿನ ದಾಖಲೆಯನ್ನು ಕೇಳಿ ತರಿಸಿದಾಗ ಎಲ್ಲವೂ ಅಲ್ಲಿದ್ದವು. ಸೂಚನೆಯನ್ನು ಸರಿಪಡಿಸಿ ಮರುದಿನ ಪುನಃ ಮಾಡಿದಾಗ 4-05, 4-11, 4-16 ಎಂದು ಯಂತ್ರ ತಾನಾಗಿಯೇ ಹೇಳಿತು, ಪ್ರತಿಯೊಂದಕ್ಕೂ ನಮ್ಮಿಂದ ಸ್ವೀಕೃತಿ ಪಡೆದ ಮೇಲೆಯೇ ಸುಮ್ಮನಾಯಿತು. ಇದಕ್ಕೆ ಯಂತ್ರದ ಗಡಿಯಾರ ಸರಿಯಿರಬೇಕು ಎಂಬ ಷರತ್ತಿದೆ. ನಮ್ಮ ಫಲಕ ಮೊದಲು ಐದೂವರೆ ಗಂಟೆ ಹಿಂದಿತ್ತು. ಭಾರತದ ಸಮಯದ ಬದಲು ಗ್ರೀನಿಚ್ ಸಮಯವನ್ನು ಹಿಡಿದಿತ್ತು. ಹೋಸ್ಟ್‌ನಿಂದಲೇ ಸಮಯ ತಿದ್ದುವ ಆಜ್ಞೆ ಜಿ2ಎಸ್‌ನಲ್ಲಿರುವುದರಿಂದ ಸರಿಪಡಿಸುವುದು ಕಷ್ಟವಾಗಲಿಲ್ಲ.

ಹಣದ ಲೆಕ್ಕದಲ್ಲಿಯೂ ಎರಡಕ್ಕೂ ಅಜಗಜಾಂತರ. ಸ್ಯಾಸ್‌ನ ಹಳೆಯ ಮೀಟರ್‌ಗಳು ನಾಲ್ಕು ಬೈಟ್‌ಗಳಲ್ಲಿ ಎಂಟು ಅಂಕಿಗಳನ್ನು ಹಿಡಿಯುತ್ತವೆ, ಅದೂ ಕ್ರೆಡಿಟ್‌ಗಳಲ್ಲಿ. ಒಂದು ಕ್ರೆಡಿಟ್ ಒಂದು ಪೈಸೆ ಎಂದಿಟ್ಟುಕೊಂಡರೆ 9,99,999 ರೂಪಾಯಿ 99 ಪೈಸೆಗೆ ಮೀಟರ್ ತುಂಬಿ ಮತ್ತೆ ಸೊನ್ನೆಗೆ ತಿರುಗುತ್ತದೆ. ಹೊಸ ಆವೃತ್ತಿಗಳಲ್ಲಿ ಹೆಚ್ಚು ಅಂಕಿಗಳ ಮೀಟರ್‌ಗಳನ್ನು ಕೇಳುವ ದಾರಿಯಿದೆ. ಆದರೂ ಕ್ರೆಡಿಟ್ಟನ್ನು ಹಣಕ್ಕೆ ಬದಲಿಸುವ ಗುಣಾಕಾರದ ಹೊಣೆ ನಮ್ಮದೇ. ಜಿ2ಎಸ್ ಪ್ರತಿಯೊಂದನ್ನೂ ಮಿಲಿಸೆಂಟ್‌ನಲ್ಲಿ ಹೇಳುತ್ತದೆ, ಅಂದರೆ ರೂಪಾಯಿ, ಡಾಲರ್‌ನಂತಹ ನಾಣ್ಯದ ನೂರನೆಯ ಭಾಗದ ಸಾವಿರದಲ್ಲೊಂದು ಪಾಲು. ಪರೀಕ್ಷೆಯಲ್ಲಿ 250 ರೂಪಾಯಿ ಹಾಕಿದಾಗ ಪರದೆಯ ಮೇಲೆ 2,50,00,000 ಎಂದು ಮೂಡಿತು. ಸೊನ್ನೆಗಳನ್ನು ಎಣಿಸಿ ಎಣಿಸಿ ಕಣ್ಣು ಸೋಲುತ್ತದೆ, ನಿಜ. ಆದರೆ ಅಳತೆಯ ಮಾನ ಒಂದೇ ಆಗಿರುವುದರಿಂದ ಯಾವ ಯಂತ್ರದ ಲೆಕ್ಕವನ್ನು ಯಾವುದರ ಜೊತೆ ಬೇಕಾದರೂ ನೇರವಾಗಿ ಕೂಡಿಸಬಹುದು.

ರಕ್ಷಣೆಯ ವಿಷಯದಲ್ಲಿ ಸ್ಯಾಸ್ ನಂಬಿರುವುದು ಯಂತ್ರದ ಬೀಗವನ್ನು. ತಂತಿಯ ಮೇಲಿನ ಮಾತಿಗೆ ಗೂಢಲಿಪಿ ಇಲ್ಲ. ಸಿಆರ್‌ಸಿ ಆಕಸ್ಮಿಕ ತಪ್ಪನ್ನು ಹಿಡಿಯುತ್ತದೆಯೇ ಹೊರತು ಬೇಕೆಂದೇ ತಿದ್ದಿದ್ದನ್ನು ಹಿಡಿಯಲಾರದು. ಜಿ2ಎಸ್ ಎದುರಿಗಿರುವವರ ಗುರುತನ್ನು ಖಾತರಿಪಡಿಸುವ ಡಿಜಿಟಲ್ ಪ್ರಮಾಣಪತ್ರಗಳನ್ನು ನಂಬುತ್ತದೆ. ಅದರ ಬೆಲೆಯನ್ನೂ ನಾವು ತೆತ್ತೆವು. ದಸರಾ ರಜೆ ಮುಗಿಸಿ ಬಂದು ಫಲಕಕ್ಕೆ ವಿದ್ಯುತ್ ಕೊಟ್ಟರೆ ಜಿ2ಎಸ್ ಬದಿ ಸಂಪರ್ಕಕ್ಕೆ ಒಪ್ಪಲೇ ಇಲ್ಲ. ಜಾಲವನ್ನು, ಕೇಬಲ್ಲನ್ನು, ವಿಳಾಸವನ್ನು ಮೂರು ಗಂಟೆ ತಡಕಾಡಿದ ಮೇಲೆ ಪರೀಕ್ಷೆಗೆಂದು ನಾನೇ ಮಾಡಿಕೊಂಡಿದ್ದ ಪ್ರಮಾಣಪತ್ರದ ಅವಧಿ ವಿಜಯದಶಮಿಯ ಹಿಂದಿನ ದಿನವೇ ಮುಗಿದಿದ್ದುದು ತಿಳಿಯಿತು. ಪಕ್ಕದಲ್ಲೇ ಸ್ಯಾಸ್ ಬೆಳಿಗ್ಗೆಯಿಂದ ತನ್ನ ಪಾಡಿಗೆ ಉತ್ತರ ಕೊಡುತ್ತಿತ್ತು. ಸಾವಿರ ಯಂತ್ರಗಳ ಅಂಗಳದಲ್ಲಿ ಇದೇ ಆದರೆ ಏನೆಂದು ಯೋಚಿಸಿ, ಪ್ರಮಾಣಪತ್ರ ನವೀಕರಣವನ್ನು ಕೈಗೆ ಬಿಡದೆ ತಂತ್ರಾಂಶವೇ ಮಾಡುವಂತೆ ಕಟ್ಟುವುದನ್ನು ನಮ್ಮ ಕರಾರಿನ ಮೊದಲ ಅಂಶವಾಗಿ ಬರೆದೆ.

ಹಾಗಾದರೆ ಜಿ2ಎಸ್ಸನ್ನೇ ಏಕೆ ಎಲ್ಲರೂ ಹಿಡಿಯಲಿಲ್ಲ? ಕೆನಡಾದ ಹಲವು ಪ್ರಾಂತ್ಯಗಳು ತಮ್ಮ ವಿಡಿಯೊ ಲಾಟರಿ ಯಂತ್ರಗಳಿಗೆ ಅದನ್ನು ಹಿಡಿದವು. ಅಲ್ಲಿ ಯಂತ್ರಗಳ ವ್ಯವಸ್ಥೆಗೆ ಒಬ್ಬರೇ ಯಜಮಾನರು, ಆದ್ದರಿಂದ ಒಂದೇ ಸಲ ಬದಲಾಯಿಸಲು ಸಾಧ್ಯ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ತನ್ನದೇ ಆದ ಕ್ಯೂಕಾಮ್ ಎಂಬ ಮಾನದಂಡವನ್ನು ಇಟ್ಟುಕೊಂಡಿದೆ. ಆದರೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ತಯಾರಕರಿಂದ ಕೊಂಡ ಯಂತ್ರಗಳು ಸಾಲಾಗಿ ನಿಂತಿರುವ ಕ್ಯಾಸಿನೊದಲ್ಲಿ ಎಲ್ಲಕ್ಕೂ ಬರುವ ಒಂದು ಭಾಷೆ ಬೇಕೆಂದರೆ ಅದು ಸ್ಯಾಸ್. ನಮ್ಮ ಗ್ರಾಹಕರ ಪರಿಸ್ಥಿತಿಯೂ ಅದೇ.

ಆದ್ದರಿಂದ ನಾನು ಕೊಟ್ಟ ಶಿಫಾರಸು ಹೀಗಿದೆ. ಹೊಸದಾಗಿ ಕೊಳ್ಳುವ ಯಂತ್ರಗಳಿಗೆ ಜಿ2ಎಸ್ ಕಡ್ಡಾಯ; ಅದರಿಂದ ದೂರದಿಂದಲೇ ತಂತ್ರಾಂಶ ಇಳಿಸುವ ಅನುಕೂಲವೂ ಸಿಗುತ್ತದೆ. ಹಳೆಯ ಯಂತ್ರಗಳ ಸೀರಿಯಲ್ ಪೋರ್ಟ್‌ಗೆ ಒಂದೊಂದು ಸಣ್ಣ ನಡುವಣ ಫಲಕವನ್ನು ಯಂತ್ರದ ಕವಚದೊಳಗೇ ಕೂರಿಸುವುದು. ಅದಕ್ಕೆ ಬ್ಯಾಟರಿಯಿಂದ ಓಡುವ ಗಡಿಯಾರ ಮತ್ತು ಸ್ವಂತ ಸ್ಮೃತಿ ಇರುತ್ತದೆ. ಅದು ಸ್ಯಾಸ್‌ನ ಬೈಟ್ ಬಂದ ಕ್ಷಣವೇ ಸಮಯ ಬರೆದುಕೊಂಡು, ಮೇಲಿನ ಹೋಸ್ಟ್ ಸ್ವೀಕೃತಿ ಕೊಡುವವರೆಗೆ ಆ ದಾಖಲೆಯನ್ನು ಅಳಿಸುವುದಿಲ್ಲ. ಇದರಿಂದ ಅಂಗಳದ ಜಾಲ ಕಡಿದಾಗ ಬಾಗಿಲಿನ ಸಮಯ ಉಳಿಯುತ್ತದೆ. ಯಂತ್ರಕ್ಕೂ ಆ ಫಲಕಕ್ಕೂ ನಡುವಿನ ಗೇಣುದ್ದದ ತಂತಿಯನ್ನೇ ಕಿತ್ತರೆ ಸಮಯ ಮತ್ತೆ ಕಳೆದುಹೋಗುತ್ತದೆ. ಆಗ ಸಿಗುವುದು ಇಷ್ಟು ಹೊತ್ತು ಯಂತ್ರ ಉತ್ತರಿಸಲಿಲ್ಲ ಎಂಬ ದಾಖಲೆಯೊಂದೇ. ಆ ಮೌನದ ಆರಂಭ ಮತ್ತು ಅಂತ್ಯದ ಸಮಯಗಳನ್ನು ಬಾಗಿಲು ತೆರೆದ ಘಟನೆಯಷ್ಟೇ ಗಂಭೀರವಾಗಿ ವರದಿ ಮಾಡಬೇಕೆಂದು ಗ್ರಾಹಕರಿಗೆ ಬರೆದು ಕಳುಹಿಸಿದ್ದೇನೆ.