ಕೊಪ್ಪೀಕರ್ ರಸ್ತೆಯಲ್ಲಿ ಕೊಂಡ ಪವರ್ ಬ್ಯಾಂಕ್ ಹೇಗಿದೆ?

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಲ್ಲಿ ಕೊಂಡ 10000 ಎಂಎಎಚ್ ಪವರ್ ಬ್ಯಾಂಕ್ ನನಗಂತೂ ಇಷ್ಟವಾಗಿದೆ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಾಗ ಚಾರ್ಜಿನ ಚಿಂತೆ ಇಲ್ಲ. ಆದರೆ 5000 ಎಂಎಎಚ್ ಫೋನು ಎರಡು ಸಲ ತುಂಬುತ್ತೆ ಅಂತ ಲೆಕ್ಕ ಹಾಕಬೇಡಿ, ಒಳಗಿನ ಸೆಲ್ 3.7 ವೋಲ್ಟ್, ಯುಎಸ್‌ಬಿಯಿಂದ ಹೊರಗೆ ಬರೋದು 5 ವೋಲ್ಟ್, ಹಾಗೆ ಏರಿಸುವಾಗ ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತೆ, ಹಾಗಾಗಿ ಸಿಗೋದು ಸುಮಾರು ಒಂದೂವರೆ ಸಲ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಅಂತ, ಅಂದರೆ ನಿಜಕ್ಕೂ ಹೊರಗೆ ಸಿಗೋದು ಎಷ್ಟು ಅಂತ, ಇರುತ್ತದೆ, ಅದನ್ನೇ ನೋಡಿ ತಗೊಳ್ಳಿ.

ಜೊತೆಗೆ ಕೊಟ್ಟ ಕೇಬಲ್ ಮಾತ್ರ ತೀರಾ ಗಿಡ್ಡ, ಪಿನ್ ಹತ್ತಿರ ಆಗಲೇ ಸಡಿಲ. ಬೇರೆ ಒಳ್ಳೆ ಕೇಬಲ್ ಹಾಕಿದ ಮೇಲೆ ಚಾರ್ಜ್ ಬೇಗ ಏರುತ್ತಿದೆ. ವಿಮಾನದಲ್ಲಿ ಹೋಗುವವರು ಇದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ.