ಕಾಫಿ ತೋಟದ ಎಲೆಕ್ಟ್ರಾನಿಕ್ಸ್‌ಗೆ ಯಾವ ಚೇಂಬರ್? ಜಿಟೆಮ್, ಸೆಮಿ ಅನೆಕೋಯಿಕ್, ರಿವರ್ಬರೇಷನ್

ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಕಾಫಿ ತೇವಾಂಶ ಮೀಟರ್, ಪಂಪ್ ಕಂಟ್ರೋಲರ್, ಸೋಲಾರ್ ಬೇಲಿಯ ಮಾನಿಟರ್ ತಯಾರಿಸುವವರು ರೇಡಿಯೋ ಅಲೆಗಳಿಗೆ ಉಪಕರಣ ಎಡವುತ್ತದೆಯೇ ಎಂಬ ಪರೀಕ್ಷೆಗೆ ಬೆಂಗಳೂರಿಗೆ ಹೋಗಿ ಚೇಂಬರ್‌ಗೆ (ಹೊರಗಿನ ಅಲೆ ಒಳಬಾರದ ಲೋಹದ ಕೋಣೆ ಅಥವಾ ಪೆಟ್ಟಿಗೆ) ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕು. ಹಾಗಾಗಿ ಯಾವ ಚೇಂಬರ್‌ನಲ್ಲಿ ಏನು ಗೊತ್ತಾಗುತ್ತದೆ ಎಂದು ಮೊದಲೇ ತಿಳಿದಿರಬೇಕು.

ಜಿಟೆಮ್ ಸೆಲ್ ಅಗ್ಗ. ಅಡ್ಡ ಮಲಗಿಸಿದ ಪಿರಮಿಡ್ ಆಕಾರದ ಲೋಹದ ಪೆಟ್ಟಿಗೆ, ಒಳಗೆ ಸೆಪ್ಟಮ್ ಎಂಬ ತಗಡು; ಅದಕ್ಕೆ ಸಿಗ್ನಲ್ ಕೊಟ್ಟರೆ ಕೆಳಗೆ ರೇಡಿಯೋ ಕ್ಷೇತ್ರ ಹುಟ್ಟುತ್ತದೆ. ಸೆಪ್ಟಮ್‌ಗೂ ತಳಕ್ಕೂ ಅರ್ಧ ಮೀಟರ್ ಅಂತರವಿದ್ದರೆ, ಮೀಟರಿಗೆ 10 ವೋಲ್ಟ್ ಕ್ಷೇತ್ರಕ್ಕೆ ಲೆಕ್ಕದ ಪ್ರಕಾರ ಅರ್ಧ ವಾಟ್ ಸಾಕು. ಶೇ 80 ಎಎಂ (ಅಲೆಯ ಎತ್ತರವನ್ನು ಏರಿಳಿಸುವುದು) ಸೇರಿದಾಗ ಶಿಖರ 18 ವೋಲ್ಟ್‌ಗೆ ಏರುತ್ತದೆ. ಆಗಲೂ ಬೇಕಾಗುವುದು ಸುಮಾರು 1.6 ವಾಟ್. ಅದೇ 18 ವೋಲ್ಟನ್ನು, ಗೋಡೆ ಮತ್ತು ಚಾವಣಿಗೆ ಅಲೆ ಹೀರುವ ಹೊದಿಕೆಯಿರುವ ಸೆಮಿ ಅನೆಕೋಯಿಕ್‌ನಲ್ಲಿ 3 ಮೀಟರ್ ದೂರದಿಂದ ಕೊಡಲು, ಆಂಟೆನಾ ಗೇನ್ (ಶಕ್ತಿಯನ್ನು ಒಂದೆಡೆಗೆ ಕೂಡಿಸುವ ಪ್ರಮಾಣ) 1 ಎಂದು ಹಿಡಿದರೂ 97 ವಾಟ್ ಬೇಕು. ಪರೀಕ್ಷೆ ಶುರುವಾಗುವ 80 ಮೆಗಾಹರ್ಟ್ಸ್ ಬಳಿ ಗೇನ್ ಇನ್ನೂ ಕಡಿಮೆ, ಆಂಪ್ಲಿಫೈಯರ್ ನೂರಾರು ವಾಟ್‌ನದು. ಬಾಡಿಗೆಯ ವ್ಯತ್ಯಾಸಕ್ಕೆ ಇದೊಂದು ದೊಡ್ಡ ಕಾರಣ.

ಆದರೆ ಜಿಟೆಮ್ ಫಲಿತಾಂಶವೊಂದನ್ನೇ ನಂಬಿ ಮಾಲು ಹೊರಗೆ ಕಳಿಸಬೇಡಿ. ಉಪಕರಣ ಸೆಪ್ಟಮ್ ಎತ್ತರದ ಮೂರನೇ ಒಂದು ಭಾಗದೊಳಗೆ ಇರಬೇಕೆಂಬುದು ರೂಢಿ. ಅರ್ಧ ಮೀಟರ್ ಸೆಲ್‌ನಲ್ಲಿ ಅದು 16 ಸೆಂ.ಮೀ. ಮೀಟರ್ ಹಿಡಿಸುತ್ತದೆ, ಅದರ ಪ್ರೋಬ್ ಕೇಬಲ್ ಹಿಡಿಸುವುದಿಲ್ಲ. ತೊಂದರೆ ಕೊಡುವುದು ಅದೇ ಕೇಬಲ್: 75 ಸೆಂ.ಮೀ. ಉದ್ದದ್ದು 100 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದದ ಕಾಲು ಭಾಗವಾಗಿ, ಆಂಟೆನಾದಂತೆ ಸಿಗ್ನಲ್ ಎಳೆಯುತ್ತದೆ. ಮೇಲಾಗಿ ಕ್ಷೇತ್ರ ಒಂದೇ ದಿಕ್ಕಿನದು, ಉಪಕರಣವನ್ನು ಮೂರು ಅಕ್ಷದಲ್ಲೂ ತಿರುಗಿಸಬೇಕು. ತಿರುಗಿಸಿದಾಗಲೆಲ್ಲ ಕೇಬಲ್ ಸರಿದು ರೀಡಿಂಗ್ ಬದಲಾಗುತ್ತದೆ.

ಕೊನೆಯ ಪರೀಕ್ಷೆಗೆ ಸೆಮಿ ಅನೆಕೋಯಿಕ್ ಚೇಂಬರೇ ಸರಿ. ಈ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 61000-4-3 ಪ್ರಕಾರ 1.5 ಮೀಟರ್ ಚದರದ 16 ಬಿಂದುಗಳಲ್ಲಿ 12ರಲ್ಲಾದರೂ ಕ್ಷೇತ್ರ ನಿಗದಿತ ಮಟ್ಟಕ್ಕೆ ಹೋಲಿಸಿ 0 ರಿಂದ +6 ಡಿಬಿ (ಎರಡು ಪಟ್ಟಿನವರೆಗೆ) ಒಳಗಿರಬೇಕು. ಆ ಕ್ಯಾಲಿಬ್ರೇಷನ್ ಗ್ರಾಫ್ ಕೇಳಿ ನೋಡಿ. ಕ್ಯಾಲಿಬ್ರೇಷನ್ ಮಾಡಿದ ದಿನ ಆಂಟೆನಾಕ್ಕೂ ಮೇಜಿಗೂ ನಡುವೆ ನೆಲದಲ್ಲಿ ಅಲೆ ಹೀರುವ ಅಬ್ಸಾರ್ಬರ್ ಎಲ್ಲಿಟ್ಟಿದ್ದರೋ ನಿಮ್ಮ ಪರೀಕ್ಷೆಯಲ್ಲೂ ಅಲ್ಲೇ ಇರಬೇಕು.

ಸಮಯದ ಲೆಕ್ಕ ಹಾಕದೆ ಬುಕ್ ಮಾಡಬೇಡಿ. 80 ಮೆಗಾಹರ್ಟ್ಸ್‌ನಿಂದ 1 ಗಿಗಾಹರ್ಟ್ಸ್‌ವರೆಗೆ ಶೇ 1ರ ಹೆಜ್ಜೆಯಲ್ಲಿ ಸುಮಾರು 254 ಬಿಂದು. ನಾಲ್ಕು ಮುಖ, ಎರಡು ಪೋಲರೈಸೇಷನ್ (ಲಂಬ ಅಲೆ, ಅಡ್ಡ ಅಲೆ), ಒಟ್ಟು ಎಂಟು ಸುತ್ತು. ಬಿಂದುವಿಗೊಂದು ಅಳತೆಯಾದರೂ ಬೇಕು; ಮೀಟರ್ 10 ಸೆಕೆಂಡಿಗೊಮ್ಮೆ ಅಳೆದರೆ ಐದೂವರೆ ಗಂಟೆ ದಾಟುತ್ತದೆ, 3 ಸೆಕೆಂಡಿಗಿಳಿಸಿದರೆ ಒಂದೂಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಪರೀಕ್ಷೆಗೆಂದೇ ಬೇರೆ ಫರ್ಮ್‌ವೇರ್ ಹಾಕಿಕೊಂಡು ಹೋಗಿ. ಎಷ್ಟು ತಪ್ಪಿದರೆ ಫೇಲ್ ಎಂಬುದನ್ನೂ ಬರೆದೊಯ್ಯಿರಿ. ತಿರುಳು ತೆಗೆದು ಒಣಗಿಸಿದ, ಶೇ 10 ತೇವಾಂಶದ ಪಾರ್ಚ್‌ಮೆಂಟ್ ಕಾಫಿ ಮೀಟರಿನಲ್ಲಿ 12 ತೋರಿದರೆ ಬೆಳೆಗಾರನಿಗೆ ನೇರ ನಷ್ಟ.

ಹೀಗಾಗುವುದು ಇನ್‌ಪುಟ್ ಆಪ್‌ಆಂಪ್ (ಸೆನ್ಸರ್ ಸಿಗ್ನಲ್ ಹಿಗ್ಗಿಸುವ ಚಿಪ್) ರೇಡಿಯೋ ಸಿಗ್ನಲ್ಲನ್ನು ರೆಕ್ಟಿಫೈ ಮಾಡಿ, ಅಂದರೆ ಒಂದೇ ದಿಕ್ಕಿಗೆ ತಿರುಗಿಸಿ, ಅಳತೆಗೆ ಡಿಸಿ ಸೇರಿಸುವುದರಿಂದ. ಸರಾಸರಿ ತೆಗೆದರೂ ಅದು ಹೋಗದು. ಉಷ್ಣಾಂಶ ಸೆನ್ಸರಾದರೆ ಕನೆಕ್ಟರ್ ಪಕ್ಕದಲ್ಲೇ 1 ನ್ಯಾನೋಫ್ಯಾರಡ್ ಕೆಪಾಸಿಟರ್ ಸಾಕಾಗಬಹುದು. ಕೆಪಾಸಿಟಿವ್ ತೇವಾಂಶ ಪ್ರೋಬ್‌ಗೆ ಅದನ್ನು ಹಾಕಿದರೆ ಅಳತೆಯೇ ಕೆಡುತ್ತದೆ. ಅಲ್ಲಿ ಫೆರೈಟ್ ಕ್ಲ್ಯಾಂಪ್ (ಕೇಬಲ್ ಸುತ್ತ ಹಾಕುವ, ಅಲೆ ತಡೆಯುವ ತುಂಡು), ಕೇಬಲ್ ಶೀಲ್ಡನ್ನು ಸುತ್ತಲೂ ಕವಚಕ್ಕೆ ಕೂರಿಸುವುದು, ಇವೇ ದಾರಿ.

ಬರೀ ಲೋಹದ ಗೋಡೆಗಳ ನಡುವೆ ಅಲೆ ಪುಟಿಯುತ್ತಿರುವ ರಿವರ್ಬರೇಷನ್ ಚೇಂಬರ್ ಕಡಿಮೆ ಪವರ್‌ನಲ್ಲಿ ಹೆಚ್ಚು ಕ್ಷೇತ್ರ ಕೊಡುತ್ತದೆ. ಆದರೆ 4×3×2.5 ಮೀಟರ್ ಕೋಣೆಯ ಮೊದಲ ಅನುರಣನ 62.5 ಮೆಗಾಹರ್ಟ್ಸ್, ಬಳಕೆಗೆ ಬರುವುದು ಅದರ ಮೂರು ಪಟ್ಟು, ಸುಮಾರು 190ರ ಮೇಲೆ. ಕೇಬಲ್ ತೊಂದರೆ ಅದಕ್ಕಿಂತ ಕೆಳಗೇ ಇರುವುದರಿಂದ ತೋಟದ ಉಪಕರಣಗಳಿಗೆ ಇದು ಬೇಡ. ಬೇಲಿಯ ಪಲ್ಸ್, ಸಿಡಿಲು ಇವು ಚೇಂಬರ್ ವಿಷಯವೇ ಅಲ್ಲ. 61000-4-4 (ವೇಗದ ಪಲ್ಸ್), 4-5 (ಸಿಡಿಲಿನಂಥ ಸರ್ಜ್) ಪರೀಕ್ಷೆಗಳನ್ನು ಬೇರೆಯಾಗಿ ಮಾಡಿಸಿ.

ಹಳೆ ಜಿಟೆಮ್ ಕೊಂಡು ಮಡಿಕೇರಿಯಲ್ಲಿಡುವ ಯೋಚನೆಯಿದ್ದರೆ ಬಾಗಿಲಿನ ಅಂಚಿನ ತಾಮ್ರದ ಫಿಂಗರ್ ಪಟ್ಟಿ ನೋಡಿ. ಮಳೆಗಾಲದ ತೇವಕ್ಕೆ ಅದು ಕಪ್ಪಾಗಿ ಸಂಪರ್ಕ ತಪ್ಪುತ್ತದೆ. ಎಫ್‌ಎಂ ರೇಡಿಯೋ ಹಾಕಿ ಒಳಗಿಟ್ಟು ಬಾಗಿಲು ಮುಚ್ಚಿ; ಸ್ಟೇಷನ್ ಇನ್ನೂ ಕೇಳಿಸಿದರೆ ಸೆಲ್ ಸೋರುತ್ತಿದೆ, ಪಟ್ಟಿ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.