ವಾಲ್ವ್ ರೇಡಿಯೊ ಕೆಪಾಸಿಟರ್: ಕಲಬುರಗಿ ಸೂಪರ್ ಮಾರ್ಕೆಟ್‌ನ ಒಂದು ಬಿಡಿಭಾಗದ ಅಂಗಡಿ

ಹಳೆಯ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ರೇಡಿಯೊ ರಿಪೇರಿಗೆ ಬೇಕಾಗುವ 630 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಇಲ್ಲಿ ಒಂದೊಂದೇ ಬಿಡಿಯಾಗಿ ಸಿಗುತ್ತದೆ. ಅದೇ ದೊಡ್ಡ ಅನುಕೂಲ. ಮೊದಲು ಬದಲಿಸಬೇಕಾದದ್ದು ಔಟ್‌ಪುಟ್ ವಾಲ್ವಿನ (ಸ್ಪೀಕರ್ ನಡೆಸುವ ವಾಲ್ವ್) ಗ್ರಿಡ್ಡಿಗೆ, ಅಂದರೆ ಸಿಗ್ನಲ್ ಒಳಹೋಗುವ ಪಿನ್ನಿಗೆ, ಹೋಗುವ ಕಪ್ಲಿಂಗ್ ಕೆಪಾಸಿಟರ್; ಇದು ಸಿಗ್ನಲ್ ಬಿಟ್ಟು ಡಿಸಿ ವೋಲ್ಟೇಜ್ ತಡೆಯುತ್ತದೆ. ಹಳೆಯ ಮೇಣದ ಕಾಗದದ್ದು ಲೀಕ್ ಆದರೆ ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜ್ ನುಗ್ಗಿ, ವಾಲ್ವ್ ವಿಪರೀತ ಕಾದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗಬಹುದು. 0.02 ಮೈಕ್ರೊಫ್ಯಾರಡ್ ಇದ್ದಲ್ಲಿ 0.022 ಧಾರಾಳವಾಗಿ ಹಾಕಿ. ಮೈಕಾದವನ್ನು ಸುಮ್ಮನೆ ಕೀಳಬೇಡಿ, ಬಹಳಷ್ಟು ಇನ್ನೂ ಚೆನ್ನಾಗಿಯೇ ಇರುತ್ತವೆ.

ಫಿಲ್ಟರ್ ಕೆಪಾಸಿಟರ್ (ಡಿಸಿ ಸಪ್ಲೈಯ ಏರಿಳಿತ ಸರಿಪಡಿಸುವಂಥದ್ದು) ಕೊಳ್ಳುವಾಗ ಮಾತ್ರ ಎಚ್ಚರ. 450 ವೋಲ್ಟ್ ಕೇಳಿದರೆ 400ರದ್ದು ಕೊಡುತ್ತಾರೆ; ತಗೊಳ್ಳಬೇಡಿ. ಮೈಮೇಲೆ 105 ಡಿಗ್ರಿ ಅಂತ ಬರೆದಿರಲಿ, ನಮ್ಮ ಬಿಸಿಲಿಗೆ 85ರದ್ದು ಬೇಗ ಒಣಗುತ್ತದೆ. ಇಜಡ್ 80 (EZ80) ರೆಕ್ಟಿಫೈಯರ್ ವಾಲ್ವ್, ಅಂದರೆ ಎಸಿಯನ್ನು ಡಿಸಿ ಮಾಡುವಂಥದ್ದು, ಇದ್ದರೆ ಅದರ ಮುಂದಿನ ಮೊದಲ ಕೆಪಾಸಿಟರ್ 50 ಮೈಕ್ರೊಫ್ಯಾರಡ್ ದಾಟಬಾರದು. ಮೊದಲ ಸಲ ಆನ್ ಮಾಡುವಾಗ 60 ವ್ಯಾಟಿನ ಹಳೇ ತಂತಿ ಬಲ್ಬನ್ನು (ಎಲ್‌ಇಡಿ ಅಲ್ಲ) ಕರೆಂಟಿನ ದಾರಿಯಲ್ಲಿ ಸೀರೀಸ್‌ನಲ್ಲಿ ಹಾಕಿ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ.